ಮಕ್ಕಳ ಪುಸ್ತಕ ಮುಗಿದ ಮೇಲೆ, ದೊಡ್ಡವರ ಪುಸ್ತಕಕ್ಕೆ ಮೊದಲು

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ತುಂಬಿದೆ. ಮಕ್ಕಳ ಕಥೆಗಳನ್ನು ಕೊಟ್ಟರೆ ‘ಇದು ಚಿಕ್ಕವರದ್ದು’ ಎಂದು ಬದಿಗಿಡುತ್ತಾಳೆ. ನಾನು ಓದುವ ಕಾದಂಬರಿಗಳನ್ನು ಕೊಟ್ಟರೆ ಇಪ್ಪತ್ತು ಪುಟ ದಾಟುವುದಿಲ್ಲ. ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂಬ ವಿಭಾಗವೇ ಇದೆಯಂತೆ. ಕನ್ನಡದಲ್ಲಿ ಅಂಥದ್ದು ಇದೆಯೇ? (ಒಬ್ಬ ತಾಯಿ, ಶಿರಸಿ)

ಉತ್ತರ: ವಿಭಾಗವಿಲ್ಲ, ಪುಸ್ತಕಗಳಿವೆ. ನಮ್ಮ ಅಂಗಡಿಗಳಲ್ಲಿ ಮಕ್ಕಳ ಸಾಹಿತ್ಯದ ಮೂಲೆ ಮುಗಿಯುತ್ತಿದ್ದಂತೆ ಕಾರಂತ, ಭೈರಪ್ಪನವರ ಸಾಲು ಶುರುವಾಗುತ್ತದೆ. ನಡುವಿನ ಐದಾರು ವರ್ಷಗಳ ಓದು ಈ ಎರಡೂ ಕಡೆ ಚದುರಿಕೊಂಡಿರುವುದರಿಂದ, ಅದನ್ನು ಹೆಕ್ಕುವ ಕೆಲಸ ನಿಮ್ಮಂಥವರ ಪಾಲಿಗೆ ಬಂದಿದೆ.

ಮೊದಲು ಮಕ್ಕಳ ಮೂಲೆಯಿಂದ ಹೆಕ್ಕೋಣ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದ್ದು, ಕನ್ನಡದ ಮಟ್ಟಿಗೆ ಅದು 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಹೀಗೆ ಸಾಲಾಗಿ ಮೂರು ವರ್ಷ ಕಾದಂಬರಿಗಳಿಗೇ ಸಂದಿದೆ. ಪ್ರಶಸ್ತಿಯ ಹೆಸರಿನಲ್ಲಿರುವ ‘ಬಾಲ’ ಎಂಬ ಪದವನ್ನು ಕಂಡು ನಿಮ್ಮ ಮಗಳು ಮುಖ ತಿರುಗಿಸಬಹುದು. ಪ್ರಶಸ್ತಿಯ ಸುದ್ದಿಯನ್ನು ಹೇಳದೆ ಪುಸ್ತಕವನ್ನು ಮಾತ್ರ ಕೈಗಿಡಿ. 2011ರಲ್ಲಿ ಇದೇ ಪುರಸ್ಕಾರ ಪಡೆದ ‘ಮುಳುಗಡೆಯ ಊರಿಗೆ ಬಂದವರು’ ಬರೆದ ನಾ. ಡಿಸೋಜರು ಶರಾವತಿ ಕಣಿವೆಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದು, ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಬಲ್ಲವರಾಗಿದ್ದರು. ಆ ಕಣಿವೆಯ ಕಡೆಯ ಸಾಗರ ಪಟ್ಟಣ ಶಿರಸಿಯಿಂದ ದೂರವೇನಲ್ಲ. ಬಸ್ಸಿನಲ್ಲಿ ಹೋಗಿ ನೋಡಬಹುದಾದ ನೀರಿನ ಬಗ್ಗೆ ಓದುವುದರಲ್ಲಿ ಒಂದು ಬೇರೆಯೇ ಸುಖವಿದೆ.

ಇನ್ನು ದೊಡ್ಡವರ ಸಾಲು. ಅಮೆರಿಕದ ಗ್ರಂಥಾಲಯ ಸಂಘವು 1998ರಿಂದ ‘ಅಲೆಕ್ಸ್’ ಎಂಬ ಪ್ರಶಸ್ತಿಯನ್ನು ಕೊಡುತ್ತಿದೆ. ದೊಡ್ಡವರಿಗೆಂದೇ ಪ್ರಕಟವಾಗಿಯೂ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರನ್ನು ಹಿಡಿದು ಕೂರಿಸಬಲ್ಲ ಹತ್ತು ಪುಸ್ತಕಗಳನ್ನು ಅದು ವರ್ಷವರ್ಷ ಆರಿಸುತ್ತದೆ. ನಮ್ಮಲ್ಲಿ ಅಂಥ ಏರ್ಪಾಡು ಇದ್ದಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮೊದಲ ವರ್ಷವೇ ಅದನ್ನು ಪಡೆಯುತ್ತಿತ್ತು. ಇದು ಎಲ್ಲರೂ ಹೇಳುವ ಹೆಸರು ಎಂಬ ಆಕ್ಷೇಪ ನನಗೆ ಗೊತ್ತು. ಆದರೆ ಎಲ್ಲರೂ ಅದನ್ನು ಪರಿಸರದ ಕಾದಂಬರಿಯೆಂದು ಕೊಡುತ್ತಾರೆ. ಹದಿನಾಲ್ಕರ ಓದುಗರಿಗೆ ಅದನ್ನು ಮಂದಣ್ಣನ ಕಾದಂಬರಿಯೆಂದು ಕೊಡಬೇಕು. ಊರಿನವರ ಲೆಕ್ಕದಲ್ಲಿ ಯಾವುದಕ್ಕೂ ಬಾರದ, ಜೇನು ಹಿಡಿಯುತ್ತ ಅಲೆಯುವ ಆ ಹುಡುಗನಲ್ಲಿ, ಬೇರಾರಿಗೂ ಇಲ್ಲದ ಒಂದು ತಿಳಿವಳಿಕೆ ಇದೆಯೆಂಬುದನ್ನು ಒಬ್ಬ ವಿಜ್ಞಾನಿ ಗುರುತಿಸುತ್ತಾನೆ, ಮತ್ತು ಹಾರುವ ಓತಿಯನ್ನು ಹುಡುಕಿ ಹೊರಟ ತಂಡಕ್ಕೆ ಮಂದಣ್ಣ ಅನಿವಾರ್ಯನಾಗುತ್ತಾನೆ. ಅಂಕಪಟ್ಟಿಯಿಂದಲೇ ತನ್ನನ್ನು ಅಳೆಯುತ್ತಾರೆಂದು ಒಳಗೊಳಗೇ ಕುದಿಯುವ ವಯಸ್ಸಿನವರಿಗೆ ಇದಕ್ಕಿಂತ ಹಿತವಾದ ಕಥೆ ಬೇರೊಂದು ಸಿಗಲಾರದು. ಮೇಲಾಗಿ ಅದು ಪುಟಪುಟಕ್ಕೂ ನಗಿಸುತ್ತದೆ. ಇಪ್ಪತ್ತನೆಯ ಪುಟದ ಗಂಡಾಂತರವನ್ನು ದಾಟಿಸುವುದು ಈ ನಗುವೇ.

ಇದಾದ ಮೇಲೆ, ಅವಳಿಗೆ ಹದಿನಾರಾದಾಗ, ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕೊಡಿ. ದಾರಿ ತಪ್ಪಿದ ಯುವಕನೊಬ್ಬ ಕಾಡಿನ ನಡುವೆ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ. ಅವರ ಮಗ ಮನೆ ಬಿಟ್ಟು ಹೋಗಿದ್ದಾನೆ. ಮನೆ ಬಿಟ್ಟು ಹೋಗುವ ಆಸೆ ಒಮ್ಮೆಯಾದರೂ ಸುಳಿಯದ ಹದಿಹರೆಯ ಇರಲಾರದು. ಹೋದ ಮೇಲೆ ಆ ಮನೆಯ ಜಗಲಿ ಹೇಗಿರುತ್ತದೆಂಬುದನ್ನು ಈ ಕಾದಂಬರಿ ಒಂದು ಬೈಗುಳವೂ ಇಲ್ಲದೆ ತೋರಿಸುತ್ತದೆ.

ಪ್ರಶ್ನೆ: ಪ್ರೌಢಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಹೊಣೆ ನನ್ನದು. ಸಾವು, ಯುದ್ಧ, ಬಾಲ್ಯವಿವಾಹದಂಥ ವಿಷಯಗಳಿರುವ ಕಾದಂಬರಿಗಳನ್ನು ಈ ವಯಸ್ಸಿನವರಿಗೆ ಕೊಡಬಹುದೆ? (ಶಿಕ್ಷಕರೊಬ್ಬರು, ಕೊಪ್ಪಳ ಜಿಲ್ಲೆ)

ಉತ್ತರ: ಕೊಡಬಹುದು. ನಾನು ಓದಿದ ಶಾಲೆಯಲ್ಲಿ ಗಾಜಿನ ಬಾಗಿಲಿನ ಕಪಾಟಿಗೆ ಬೀಗವಿತ್ತು, ಬೀಗದ ಕೈ ಯಾರ ಬಳಿಯಿದೆಯೆಂಬುದು ವರ್ಷವಿಡೀ ಬಗೆಹರಿಯಲಿಲ್ಲ. ಆ ಗಾಜಿನಾಚೆಯ ಪುಸ್ತಕಗಳ ಬೆನ್ನುಗಳು ನನಗೆ ಇಂದಿಗೂ ನೆನಪಿವೆ. ಮುಚ್ಚಿಟ್ಟದ್ದನ್ನು ಮಕ್ಕಳು ಬೇರೆ ಕಡೆ, ಇನ್ನೂ ಕೆಟ್ಟ ಭಾಷೆಯಲ್ಲಿ ಓದುತ್ತಾರೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಕಾಸರಗೋಡಿನ ಕಡೆಯ ನಾದಿರಾ ಎಂಬ ಹುಡುಗಿಯ ಬದುಕನ್ನು ತಂದೆಯ ಹಟ ಮತ್ತು ತಲಾಖಿನ ಕಟ್ಟಳೆ ಸೇರಿ ಹೇಗೆ ಇಕ್ಕಟ್ಟಿಗೆ ತಳ್ಳುತ್ತವೆಂಬುದನ್ನು ಅದು ಸರಳ ಕನ್ನಡದಲ್ಲಿ ಹೇಳುತ್ತದೆ. ಹತ್ತನೆಯ ತರಗತಿಯವರಿಗೆ, ವಿಶೇಷವಾಗಿ ಹುಡುಗರಿಗೆ, ನಾನು ಅದನ್ನು ಹೇಳುತ್ತೇನೆ. ಅದರ ಕೊನೆ ಕಠಿಣವಾಗಿದೆ. ಓದಿ ಮುಗಿಸಿದವರೊಡನೆ ನೀವು ಒಂದು ತಾಸು ಕೂತು ಮಾತಾಡಲು ಸಿದ್ಧರಿದ್ದರೆ ಮಾತ್ರ ಕೊಡಿ.

ಇಂಗ್ಲಿಷ್ ಓದಬಲ್ಲವರಿಗೆ ಆಸ್ಟ್ರೇಲಿಯಾದ ಮಾರ್ಕಸ್ ಜುಸಾಕ್ ಅವರ ‘ದಿ ಬುಕ್ ಥೀಫ್’ (2005) ಇದೆ. ನಾಜಿ ಜರ್ಮನಿಯ ಲೀಸೆಲ್ ಎಂಬ ಹುಡುಗಿಯ ಕಥೆಯನ್ನು ಅಲ್ಲಿ ಹೇಳುವುದು ಸಾಕ್ಷಾತ್ ಸಾವು. ತಮ್ಮನನ್ನು ಮಣ್ಣು ಮಾಡಿದ ಜಾಗದಲ್ಲಿ ಸಿಕ್ಕ, ಗೋರಿ ತೋಡುವವರ ಕೈಪಿಡಿಯೇ ಅವಳ ಮೊದಲ ಪುಸ್ತಕ; ಅವಳಿಗೆ ಆಗ ಓದಲು ಬರುವುದಿಲ್ಲ. ಈ ಕಾದಂಬರಿ ಲೇಖಕರ ದೇಶದಲ್ಲಿ ದೊಡ್ಡವರ ಪುಸ್ತಕವಾಗಿ ಬಂದು, ಅಮೆರಿಕದಲ್ಲಿ ಹದಿಹರೆಯದವರ ಪುಸ್ತಕವಾಗಿ ಬಂತು. ವಯಸ್ಸಿನ ಚೀಟಿಯನ್ನು ಅಂಟಿಸುವವರು ಪ್ರಕಾಶಕರು ಎಂಬುದು ಆರಿಸುವಾಗ ನೆನಪಿರಲಿ.

ಪ್ರಶ್ನೆ: ಹದಿನಾರು ವರ್ಷದ ಹುಡುಗನೊಬ್ಬನ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಓದಿದ ಗೆಳೆಯರು ‘ಚೆನ್ನಾಗಿದೆ, ಆದರೆ ಇದು ನಿನ್ನ ಬಾಲ್ಯದ ನೆನಪಿನಂತಿದೆ’ ಎನ್ನುತ್ತಾರೆ. ಯಾವ ಕಾದಂಬರಿಗಳನ್ನು ಓದಿ ಕಲಿಯಬೇಕು? (ಯುವ ಲೇಖಕ, ಮೈಸೂರು)

ಉತ್ತರ: ನಿಮ್ಮ ಗೆಳೆಯರು ಒಳ್ಳೆಯ ಓದುಗರು. ನಾಯಕನ ವಯಸ್ಸು ಹದಿನಾರಾಗಿರುವುದು ಸುಲಭ. ಕಥೆ ಹೇಳುವವನು ಘಟನೆಯಿಂದ ಎಷ್ಟು ದೂರ ನಿಂತಿದ್ದಾನೆಂಬುದು ಈ ಬಗೆಯ ಬರವಣಿಗೆಯ ನಿಜವಾದ ಕಷ್ಟ.

ಎರಡು ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯಲ್ಲಿ ಸ್ಕೌಟ್ ಎಂಬ ಬಾಲಕಿಯ ಅನುಭವವನ್ನು ದೊಡ್ಡವಳಾದ ಸ್ಕೌಟ್ ಹಿಂದಿರುಗಿ ನೋಡಿ ಹೇಳುತ್ತಾಳೆ. ಆ ಮಗುವಿಗೆ ಅರ್ಥವಾಗದ್ದು ವಾಕ್ಯಕ್ಕೆ ಅರ್ಥವಾಗಿದೆ. ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ (1967) ಹಾಗಲ್ಲ. ಓಕ್ಲಹೋಮಾದ ಟಲ್ಸಾ ಊರಿನ ಹಿಂಟನ್ ಅದನ್ನು ಬರೆಯಲು ತೊಡಗಿದ್ದು ಹದಿನೈದರ ವಯಸ್ಸಿನಲ್ಲಿ, ಅಚ್ಚಾದಾಗ ಆಕೆಗೆ ಹದಿನೆಂಟು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದದ್ದೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಹೆಸರಿನ ಬದಲು ಇನಿಷಿಯಲ್ ಹಾಕಿಸಿದರು. ಅದರ ನಿರೂಪಕ ಪೋನಿಬಾಯ್‌ಗೆ ಹದಿನಾಲ್ಕು. ನಾವು ಓದುತ್ತಿರುವುದು ಆತ ಶಾಲೆಯ ಇಂಗ್ಲಿಷ್ ತರಗತಿಗೆ ಬರೆದುಕೊಡಬೇಕಾದ ಪ್ರಬಂಧ ಎಂಬುದು ಕೊನೆಯ ಪುಟದಲ್ಲಿ ತಿಳಿಯುತ್ತದೆ. (ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆಯಿರಲಿ, ಲೇಖಕರಿಗೆ ಹೇಳುವಾಗ ಬೇರೆ ದಾರಿಯಿಲ್ಲ.) ಅಂದರೆ ಗಾಯ ಇನ್ನೂ ಹಸಿಯಾಗಿರುವಾಗಲೇ, ಪಾಠವೇನೆಂದು ತನಗೇ ಗೊತ್ತಾಗುವ ಮೊದಲೇ, ಆತ ಬರೆಯುತ್ತಿದ್ದಾನೆ. ಕೆಲವು ಕಡೆ ಭಾವುಕತೆ ಅತಿಯಾಗುತ್ತದೆ, ಸೂರ್ಯಾಸ್ತಗಳು ತುಸು ಹೆಚ್ಚೇ ಆದವು ಎನಿಸುತ್ತದೆ. ಆದರೆ ಆ ಅತಿಯೇ ಆ ವಯಸ್ಸಿನ ದನಿ.

ಕನ್ನಡದಲ್ಲಿ ಇದನ್ನು ಕಲಿಯಬೇಕಾದರೆ ಕಾದಂಬರಿಯಲ್ಲದ ಒಂದು ಕೃತಿಗೆ ಹೋಗಬೇಕು: ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಎಂಬ ನೀಳ್ಗತೆ. ವೇದಪಾಠಕ್ಕೆಂದು ಬಂದ ನಾಣಿ ಎಂಬ ಹುಡುಗ ಗುರುವಿನ ವಿಧವೆ ಮಗಳು ಯಮುನಕ್ಕನ ಜೊತೆ ಕತ್ತಲಲ್ಲಿ ನಡೆಯುವಾಗ ಆತನಿಗೆ ಭಯದ ಪ್ರತಿ ಎಳೆಯೂ ತಿಳಿಯುತ್ತದೆ, ಕಾರಣ ಮಾತ್ರ ಪೂರ್ತಿ ತಿಳಿಯುವುದಿಲ್ಲ. ಓದುಗನಿಗೆ ತಿಳಿಯುತ್ತದೆ. ಈ ಅಂತರವನ್ನು ಇನ್ನೂರು ಪುಟ ಉಳಿಸಿಕೊಂಡರೆ ನಿಮ್ಮ ಕಾದಂಬರಿ ಆಗುತ್ತದೆ. ಹಸ್ತಪ್ರತಿಯನ್ನು ತೆಗೆದು ‘ಆಗ ನನಗೆ ಗೊತ್ತಿರಲಿಲ್ಲ’, ‘ಈಗ ಯೋಚಿಸಿದರೆ’ ಎಂಬಂಥ ಮಾತುಗಳಿಗೆಲ್ಲ ಗೆರೆ ಎಳೆಯಿರಿ; ಅವೇ ನಿಮ್ಮನ್ನು ನಲವತ್ತರ ಜಗಲಿಯಲ್ಲಿ ಕೂರಿಸಿರುವುದು. ನನ್ನ ಬಳಿಗೆ ಬರುವ ಹಸ್ತಪ್ರತಿಗಳಲ್ಲಿ ಕೊನೆಗೊಬ್ಬ ಮಾಸ್ತರರೋ ಅಜ್ಜನೋ ಬಂದು ಎಲ್ಲವನ್ನೂ ಸರಿಪಡಿಸುವ ಅಧ್ಯಾಯವೊಂದು ತಪ್ಪದೆ ಇರುತ್ತದೆ. ಅಜ್ಜನನ್ನು ಇಟ್ಟುಕೊಳ್ಳಿ, ಅಧ್ಯಾಯವನ್ನು ತೆಗೆಯಿರಿ.

ಭಾಷೆಯ ಬಗ್ಗೆ ಒಂದೇ ಮಾತು. ಕಾಲೇಜು ಹುಡುಗರ ಇಂದಿನ ಪಡ್ಡೆಮಾತನ್ನು ಪುಟ ತುಂಬ ಸುರಿದರೆ ಪುಸ್ತಕ ಅಚ್ಚಾಗುವಷ್ಟರಲ್ಲಿ ಅದು ಹಳಸಿರುತ್ತದೆ. ಹುಡುಗ ಮನೆಯಲ್ಲಿ ಆಡುವ ಕನ್ನಡ, ಗೆಳೆಯರೊಡನೆ ಆಡುವ ಕನ್ನಡ, ಸಿಟ್ಟು ಬಂದಾಗ ನುಂಗಿಕೊಳ್ಳುವ ಕನ್ನಡ ಈ ಮೂರೂ ಬೇರೆಬೇರೆಯಾಗಿ ಕೇಳಿದರೆ ಸಾಕು.

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಹದಿಮೂರರ ಮಗ ಕನ್ನಡ ಮಾತಾಡುತ್ತಾನೆ, ಅಕ್ಷರ ಕೂಡಿಸಿ ಓದುತ್ತಾನೆ, ಕಾದಂಬರಿಯಷ್ಟು ತಾಳ್ಮೆಯಿಲ್ಲ. ಎಲ್ಲಿಂದ ಶುರು ಮಾಡುವುದು?

ಉತ್ತರ: ಕಾದಂಬರಿಯಿಂದ ಬೇಡ. ತೇಜಸ್ವಿಯವರ ‘ಪರಿಸರದ ಕತೆ’ಯ ಬಿಡಿಬಿಡಿ ಬರಹಗಳಿಂದ ಶುರು ಮಾಡಿ, ಒಂದು ಕೂತಲ್ಲಿ ಒಂದು ಮುಗಿಯುತ್ತದೆ. ಲಾರಾ ಇಂಗಲ್ಸ್ ವೈಲ್ಡರ್ ಅವರ ಪುಟ್ಟ ಮನೆಯ ಕಾದಂಬರಿಗಳನ್ನು ಆತ ಇಂಗ್ಲಿಷಿನಲ್ಲಿ ಈಗಾಗಲೇ ಓದಿದ್ದರೆ, ಎಸ್. ಅನಂತನಾರಾಯಣರ ಕನ್ನಡ ಅನುವಾದಗಳನ್ನು ತರಿಸಿಕೊಡಿ. ಕಥೆ ಗೊತ್ತಿರುವಾಗ ಅಕ್ಷರದ ಭಾರ ಕಡಿಮೆಯಾಗುತ್ತದೆ. ಆಮೇಲೆ ‘ಕರ್ವಾಲೊ’ವನ್ನು ರಾತ್ರಿ ಹತ್ತು ಪುಟದಂತೆ ನೀವೇ ಗಟ್ಟಿಯಾಗಿ ಓದಿ ಹೇಳಿ, ಮಾತುಕತೆಯ ಸಾಲುಗಳನ್ನು ಮಾತ್ರ ಆತನಿಗೆ ಬಿಡಿ. ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ, ಪುಸ್ತಕವನ್ನು ಆತನ ಕೈಗೆ ಸಿಗುವಲ್ಲಿ ಬಿಟ್ಟು ಮಲಗಲು ಹೋಗಿ.