ಎಣ್ಣೆಗೆಂಪು ಮುಖ ಬೂದಿಯಾಗುವುದೇಕೆ?

ಪ್ರಶ್ನೆ: ಮದುವೆ ಫೋಟೋ ತೆಗೆಯಲು ಶುರುಮಾಡಿ ಒಂದು ವರ್ಷವಾಯಿತು. ದುಡ್ಡು ಕೊಟ್ಟು, ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನ ಪ್ರೀಸೆಟ್‌ಗಳನ್ನು ತಗೊಂಡೆ. ಅವರು ತೋರಿಸಿದ ಮಾದರಿ ಚಿತ್ರಗಳು ಚೆನ್ನಾಗಿದ್ದವು. ನಮ್ಮಕ್ಕನ ಅರಿಶಿನ ಶಾಸ್ತ್ರದ ಫೋಟೋಗಳಿಗೆ ಹಾಕಿದರೆ ಅರಿಶಿನ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಅಕ್ಕನ ಮುಖ ಬೂದಿ ಬಳಿದ ಹಾಗಾಯಿತು. ಮನೆಯವರು ‘ಇನ್ನೂ ಸ್ವಲ್ಪ ಬೆಳ್ಳಗೆ ಮಾಡು’ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಅಕ್ಕನದು ಎಣ್ಣೆಗೆಂಪು ಬಣ್ಣ ಅಂತ ಊಹಿಸುತ್ತೇನೆ. ಪ್ರೀಸೆಟ್ ಅಂದರೆ ಯಾರೋ ತಮ್ಮ ಫೋಟೋಗೆ ಜರುಗಿಸಿಟ್ಟ ಸ್ಲೈಡರ್‌ಗಳ ಅಂಕಿಗಳು, ಅಷ್ಟೆ. ಅದಕ್ಕೆ ಎದುರಿಗಿರುವ ಮುಖ ಕಾಣುವುದಿಲ್ಲ. ಬಿಳಿ ಚರ್ಮವಾಗಲಿ, ನಸುಗಪ್ಪಾಗಲಿ, ಮನುಷ್ಯರ ಮೈಬಣ್ಣವೆಲ್ಲ ಹೆಚ್ಚುಕಡಿಮೆ ಆರೆಂಜ್ ಸ್ಲೈಡರಿನ ಕೈಗೇ ಸಿಗುತ್ತದೆ. ಬಿಳಿ ಚರ್ಮಕ್ಕೆಂದು ಮಾಡಿದ ಪ್ರೀಸೆಟ್ ಅಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ ಲೂಮಿನೆನ್ಸ್ (ಬಣ್ಣದ ಬೆಳಕು) ಏರಿಸಿರುತ್ತದೆ. ಎಣ್ಣೆಗೆಂಪಿನಿಂದ ಆ ಕೆಂಪನ್ನು ತೆಗೆದರೆ ಉಳಿಯುವುದು ಬೂದಿಯೇ. ಹಳದಿಯ ಹ್ಯೂ, ಅಂದರೆ ಛಾಯೆ, ಆರೆಂಜ್ ಕಡೆಗೆ ಸರಿದಿದ್ದರಿಂದ ಅರಿಶಿನವೂ ಇಟ್ಟಿಗೆಯಾಯಿತು.

ಇದು ಸಾಫ್ಟ್‌ವೇರ್ ಕಾಲಕ್ಕೇ ಹುಟ್ಟಿದ ತೊಂದರೆಯಲ್ಲ. ಫಿಲ್ಮ್ ಕಾಲದಲ್ಲಿ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಬಹುಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಬಣ್ಣ ಸರಿ ಬಂದರೆ ಎಲ್ಲರದ್ದೂ ಸರಿ ಎಂಬ ಲೆಕ್ಕ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಪ್ರೀಸೆಟ್ ತೆಗೆದುಹಾಕಿ, ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿ, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬೆಳಕಿನ ಬಣ್ಣವನ್ನು ತಿದ್ದಿ. ಚಪ್ಪರದ ಕೆಳಗಿನ ಬೆಳಕು ಬಲು ಮೋಸದ್ದು. ಹಸಿರು ತೆಂಗಿನ ಗರಿಯಾದರೆ ಮುಖಕ್ಕೆ ಹಸಿರು, ಶಾಮಿಯಾನವಾದರೆ ಅದರ ಬಟ್ಟೆಯ ಬಣ್ಣ. ಮೇಲಿಂದ ಹಳದಿ ಬಲ್ಬು ಇದ್ದರೆ ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಅದು 3,000 ಆಸುಪಾಸು, ಹೊರಗಿನ ಬಿಸಿಲು 5,500. ಪಂಚೆ ಬಿಳಿಯಲ್ಲವೇ ಅಂತ ಅದರ ಮೇಲೆ ಐಡ್ರಾಪರ್ (ಬಣ್ಣವಿಲ್ಲದ ಜಾಗ ಇದು ಎಂದು ಸಾಫ್ಟ್‌ವೇರಿಗೆ ತೋರಿಸುವ ಗುಂಡಿ) ಒತ್ತಬೇಡಿ. ನೀಲಿ ಹಾಕಿ ಒಗೆದ ಪಂಚೆ ಅದು, ಮುಖ ಹಳದಿಗೆ ತಿರುಗುತ್ತದೆ. ಇನ್ನು ಮುಂದೆ ಶಾಸ್ತ್ರ ಶುರುವಾಗುವ ಮೊದಲು ಗ್ರೇ ಕಾರ್ಡ್ ಎಂಬ ಬೂದು ರಟ್ಟು ಹಿಡಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಐಡ್ರಾಪರ್ ಅದರ ಮೇಲೆ ಒತ್ತಿ. ಫೋಟೋವನ್ನು ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಇಡುವ ಫೈಲ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾನಲ್ಲಿ 16,384. ತಿದ್ದುವಾಗ ಈ ಅಂತರ ಕೆನ್ನೆಯ ಮೇಲೆ ಎದ್ದು ಕಾಣುತ್ತದೆ.

ಆಮೇಲೆ ಬೇಕಿದ್ದರೆ ಪ್ರೀಸೆಟ್ ಹಾಕಿ, ಅದರ ಬಲ ಎಷ್ಟೆಂದು ಹೇಳುವ ಅಮೌಂಟ್ ಅನ್ನು 40ಕ್ಕೆ ಇಳಿಸಿ, ಆರೆಂಜ್ ಮತ್ತು ಹಳದಿಯ ಸ್ಲೈಡರ್‌ಗಳನ್ನು ಸೊನ್ನೆಗೆ ತನ್ನಿ.

ಇನ್ನು ‘ಬೆಳ್ಳಗೆ ಮಾಡು’ ಅನ್ನುವ ಮಾತು. ನಾನು 1986ರಲ್ಲಿ ಶಿವಮೊಗ್ಗದ ಸ್ಟುಡಿಯೋ ಒಂದಕ್ಕೆ ಸೇರಿದಾಗ ಮೊದಲು ಕಲಿತದ್ದೇ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದನ್ನು. ಅಲ್ಲಿ ಕಪ್ಪು ತುಂಬಿದಷ್ಟೂ ಪ್ರಿಂಟ್‌ನಲ್ಲಿ ಬಿಳುಪು. ಗಂಡಿನ ಕಡೆಯವರಿಗೆ ಕಳಿಸಲೆಂದು ಬಂದ ಒಂದು ಹುಡುಗಿಯ ಫೋಟೋವನ್ನು ಅವರಪ್ಪ ಹೇಳಿದಂತೆ ತಿದ್ದಿಕೊಟ್ಟೆ. ಆಕೆ ಅದನ್ನು ಬಹಳ ಹೊತ್ತು ನೋಡಿ, ‘ಇದು ನಾನಾ ಸಾರ್?’ ಅಂದಳು. ಅಪ್ಪ ದುಡ್ಡು ಎಣಿಸುತ್ತಿದ್ದರು. ನನಗೆ ಉತ್ತರ ಹೇಳಲಾಗಲಿಲ್ಲ. ಆ ತಪ್ಪನ್ನು ನೀವು ಮಾಡಬೇಡಿ, ಅದೂ ಸ್ವಂತ ಅಕ್ಕನ ವಿಷಯದಲ್ಲಿ.

ಮನೆಯವರ ಮಾತಿನಲ್ಲೂ ಅರ್ಧ ನಿಜ ಇರಬಹುದು, ಮುಖಕ್ಕೆ ಬೆಳಕು ಸಾಲದೆ ಹೋಗಿರಬಹುದು. ಮುಖಕ್ಕೆ ಮಾತ್ರ ಮಾಸ್ಕ್ ಹಾಕಿ (ತಿದ್ದುಪಡಿ ಅಷ್ಟೇ ಜಾಗಕ್ಕೆ ಸೀಮಿತವಾಗುತ್ತದೆ) ಎಕ್ಸ್‌ಪೋಶರ್, ಅಂದರೆ ಬೆಳಕಿನ ಪ್ರಮಾಣ, 0.3ರಷ್ಟು ಏರಿಸಿ, ಆರೆಂಜ್ ಲೂಮಿನೆನ್ಸ್ ಮುಟ್ಟಬೇಡಿ. ಮುಖವೊಂದೇ ತೇಲಿದಂತೆ ಕಂಡರೆ, ಅಂದರೆ ಕೈಗೂ ಮುಖಕ್ಕೂ ಹೊಂದದಿದ್ದರೆ, ಮಾಸ್ಕಿನ ಬಲ ಕಡಿಮೆ ಮಾಡಿ. ಅಷ್ಟಾದ ಮೇಲೆ ಒಂದೇ ಒಂದು ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ಅಕ್ಕನ ಕೈಗೇ ಕೊಟ್ಟು ನೋಡಿ. ಆಕೆ ಒಪ್ಪಿದರೆ ಉಳಿದವನ್ನು ಆಲ್ಬಮ್‌ಗೆ ಕಳಿಸಿ.