ಎಸ್ತಾಂಗೆ ನಡೆದು ಹೋದವರಿಗೆ

ನಮಸ್ಕಾರ.

ನಿಮ್ಮ ‘ಲೊತ್ ನದಿ ದಡದ ಸ್ವರ್ಗ’ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕಾರಣ, ಅದರ ಜೊತೆ ನೀವು ಕಳಿಸಿದ 28 ಫೋಟೋಗಳು. ಫೋಟೋಗಳಿಗಿಂತ ಹೆಚ್ಚಾಗಿ, ಒಂದೊಂದರ ಕೆಳಗೂ ನೀವು ಬರೆದಿರುವ ಎರಡೆರಡು ಸಾಲು.

ನೀವು ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದೀರಿ. ರಜೆ ಹಾಕಿ ನಾಸ್ಬಿನಾಲ್ ಊರಿನಿಂದ ಲೊತ್ ದಡದ ಎಸ್ತಾಂವರೆಗೆ ಮೂರು ದಿನ ನಡೆದಿದ್ದೀರಿ. ಹೆಚ್ಚುಕಡಿಮೆ 50 ಕಿಲೋಮೀಟರ್. ಸ್ಪೇನಿನ ಸಾಂತಿಯಾಗೊಗೆ ಹೋಗುವ ಕ್ರೈಸ್ತ ಯಾತ್ರಿಕರ ದಾರಿ ಅದು. ಇಷ್ಟನ್ನು ನಾನು ತಿಳಿದುಕೊಂಡದ್ದು ನಿಮ್ಮ ಪತ್ರದಿಂದ, ಬರಹದಿಂದಲ್ಲ. ಬರಹ ಶುರುವಾಗುವುದೇ ಎಸ್ತಾಂ ಸೇತುವೆಯ ಮೇಲೆ: ‘ಆ ಕ್ಷಣ ಕಾಲವೇ ಸ್ತಬ್ಧವಾದಂತೆ ಭಾಸವಾಯಿತು.’ ಆಮೇಲೆ ಐದು ಪುಟ ಇತಿಹಾಸ. ನೀವು ಆ ಊರಿಗೆ ನಡೆದು ಹೋದಿರಿ, ಬರಹ ಮಾತ್ರ ಬಸ್ಸಿನಲ್ಲಿ ಹೋಗಿ ಇಳಿದಿದೆ.

ಮೊದಲು ನದಿಯ ಮಾತು. ‘ಲೊತ್ ಭೋರ್ಗರೆಯುತ್ತಾ ಹರಿಯುತ್ತಿತ್ತು’ ಎಂದು ಬರೆದಿದ್ದೀರಿ. ನಿಮ್ಮ ಹತ್ತೊಂಬತ್ತನೇ ಫೋಟೋದಲ್ಲಿ ಅದೇ ನದಿಯಲ್ಲಿ ಸೇತುವೆಯ ಕಮಾನುಗಳು ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತಿವೆ. ನೀರು ಅಷ್ಟು ನಿಶ್ಚಲ. ನದಿ ಅಂದ ಕೂಡಲೇ ‘ಭೋರ್ಗರೆಯುವ’ ಬಂದುಬಿಡುತ್ತದೆ, ಅಲ್ವಾ? ಕಣ್ಣು ನೋಡಿದ್ದನ್ನು ಕೈ ನಂಬಲಿಲ್ಲ. ‘ರಮಣೀಯ’ ಅನ್ನುವ ಪದ ಹನ್ನೊಂದು ಕಡೆ ಇದೆ. ಅಷ್ಟನ್ನೂ ತೆಗೆಯಿರಿ. ಅಲ್ಲಿ ಏನು ಕಂಡಿತೋ ಅದನ್ನು ಬರೆಯಿರಿ. ಕಲ್ಲಿನ ಹೆಂಚಿನ ಇಳಿಜಾರು ಮಾಡುಗಳು, ಅವುಗಳ ಮೇಲೆ ಎದ್ದು ನಿಂತ ಕೋಟೆಮನೆ, ಕೆಳಗೆ ಕಿಟಕಿಯಲ್ಲಿ ಒಣಗುತ್ತಿದ್ದ ಅಂಗಿ. ಎಲ್ಲವೂ ನಿಮ್ಮ ಫೋಟೋಗಳಲ್ಲೇ ಇವೆ. ಐನೂರರ ಆಸುಪಾಸು ಜನ ಬಾಳುವೆ ಮಾಡುತ್ತಿರುವ ಊರಿನಲ್ಲಿ ಕಾಲ ಸ್ತಬ್ಧವಾಗಿರುವುದಿಲ್ಲ.

ಇನ್ನು ತಪ್ಪುಗಳು. ಇವನ್ನು ಬಿಡುವ ಹಾಗಿಲ್ಲ.

ಸೇತುವೆಯನ್ನು ‘ರೋಮನ್ನರು ಕಟ್ಟಿದ್ದು’ ಎಂದಿದ್ದೀರಿ. ಅದು ರೋಮನ್ನರಿಗಿಂತ ಬಹಳ ಈಚಿನ ಗಾಥಿಕ್ ಶೈಲಿಯ ಸೇತುವೆ. ಫ್ರಾನ್ಸಿನ ಸಾಂತಿಯಾಗೊ ದಾರಿಗಳನ್ನು ಯುನೆಸ್ಕೋ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸೇತುವೆಯೂ ಅದರಲ್ಲಿ ಸೇರಿತು. ನೀವು ದಾಟಿ ಬಂದ ಸಾಂ-ಶೆಲಿ ಮತ್ತು ಎಸ್ಪಾಲ್ಯೋಂ ಊರುಗಳ ಹಳೆಯ ಸೇತುವೆಗಳೂ ಅದೇ ಪಟ್ಟಿಯಲ್ಲಿವೆ. ಅಂದರೆ ಮೂರು ದಿನದಲ್ಲಿ ಮೂರು ಸೇತುವೆ! ಬರಹಕ್ಕೆ ಒಂದು ಹದ ತಾನಾಗೇ ಸಿಕ್ಕಿತ್ತು. ನೀವು ಎರಡನ್ನು ಹೆಸರೂ ಹೇಳದೆ ಬಿಟ್ಟಿದ್ದೀರಿ.

‘ಮಾಜಿ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ ಅವರ ವಂಶ 500 ವರ್ಷ ಬಾಳಿದ ಅರಮನೆ’ ಎಂದಿದ್ದೀರಿ. ಹಾಗಲ್ಲ. ಅವರ ಕುಟುಂಬ ‘ದೆಸ್ತಾಂ’ (ಎಸ್ತಾಂನವರು) ಎಂಬ ಹೆಸರನ್ನು ಸೇರಿಸಿಕೊಂಡದ್ದೇ 1920ರ ದಶಕದ ಶುರುವಿನಲ್ಲಿ. ಕೋಟೆಮನೆಯನ್ನು ಅವರು ತಮ್ಮ ಸೋದರ ಮತ್ತು ಸೋದರಸಂಬಂಧಿಯ ಜೊತೆ ಸೇರಿ ಕೊಂಡದ್ದು 2005ರಲ್ಲಿ, ಅಧಿಕಾರ ಬಿಟ್ಟು 24 ವರ್ಷದ ಮೇಲೆ. ಅದಕ್ಕೂ ಮೊದಲು ಬಹಳ ಕಾಲ ಅಲ್ಲಿ ಕ್ರೈಸ್ತ ಸನ್ಯಾಸಿನಿಯರಿದ್ದರು. ಹೆಸರು ಮೊದಲು ಬಂತು, ಮನೆ ಆಮೇಲೆ ಬಂತು. ನಿಮ್ಮ ತಪ್ಪಿಗಿಂತ ಈ ನಿಜವೇ ಜಾಸ್ತಿ ಚೆನ್ನಾಗಿದೆ, ನೋಡಿ.

ಆ ಹೆಸರಿನ ಮೂಲ, ಹಳೆಯ ಮನೆತನದ ಬಗ್ಗೆ ಬರೆಯಲೇಬೇಕು ಅನ್ನಿಸಿದರೆ ಒಬ್ಬನನ್ನು ಹಿಡಿಯಿರಿ: ನೌಕಾ ಸೇನಾನಿ ಶಾರ್ಲ್ ಹೆಕ್ಟರ್ ದೆಸ್ತಾಂ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚ್ ಹಡಗುಗಳನ್ನು ನಡೆಸಿದವನು, 1794ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟವನು ಎಂದು ನೀವೂ ಬರೆದಿದ್ದೀರಿ. ಆದರೆ ಅವನು ಅದಕ್ಕೂ ಮೊದಲು ನಮ್ಮ ಕಡೆಗೇ ಬಂದಿದ್ದ. 1758ರಲ್ಲಿ ಫ್ರೆಂಚ್ ಸೇನಾಪತಿ ಲಾಲಿಯ ಸೈನ್ಯದ ಜೊತೆ ಕಡಲೂರಿನ ಕೋಟೆ ಹಿಡಿಯುವುದರಲ್ಲಿದ್ದ. ಅದೇ ವರ್ಷದ ಕೊನೆಗೆ ಮದರಾಸಿನ ಮುತ್ತಿಗೆಯಲ್ಲಿ ಇಂಗ್ಲಿಷರ ಕೈಗೆ ಸೆರೆ ಸಿಕ್ಕ. ಕನ್ನಡದ ಓದುಗರಿಗೆ ಬರೆಯುವಾಗ ಇದು ಬೇಕು. ಉಳಿದ ಬಿಷಪ್‌ಗಳು, ಕೌಂಟ್‌ಗಳು, ಇಸವಿಗಳು ಬೇಡ. ಬಿಷಪ್ ಫ್ರಾನ್ಸ್ವಾ ದೆಸ್ತಾಂನ ಪ್ರತಿಮೆ ಸೇತುವೆಯ ಮೇಲೇ ಇದೆ. ಅವನಿಗೆ ಒಂದು ಸಾಲು ಸಾಕು.

‘ಸಾವಿರಾರು ವರ್ಷಗಳಿಂದ ಬದಲಾಗದ ದಾರಿ’ ಅನ್ನುವುದೂ ನಿಲ್ಲುವುದಿಲ್ಲ. ಈ ದಾರಿ ಶುರುವಾಗುವ ಲ ಪ್ಯುಯಿ ಊರಿನ ಬಿಷಪ್ ಗೊದೆಸ್ಕಾಲ್ಕ್ ಸಾಂತಿಯಾಗೊಗೆ ಹೊರಟದ್ದು 950ರಲ್ಲಿ. ಫ್ರಾನ್ಸಿನಿಂದ ಹೋದವರಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲಿಗರಲ್ಲಿ ಅವನೊಬ್ಬ. ಆದರೆ ನೀವು ಹಿಂಬಾಲಿಸಿದ ಬಿಳಿ-ಕೆಂಪು ಪಟ್ಟಿಯ ಗುರುತುಗಳು, ‘ಜಿಆರ್ 65’ ಎಂಬ ಹೆಸರು, ಇವೆಲ್ಲ 1970ರ ದಶಕದವು. ಹಳೆಯ ನಂಬಿಕೆ, ಹೊಸ ಬಣ್ಣ. ಎರಡನ್ನೂ ಹೇಳಿ.

ಈಗ ನನಗೆ ತುಂಬಾ ಹಿಡಿಸಿದ ವಿಷಯಕ್ಕೆ ಬರುತ್ತೇನೆ. ನಿಮ್ಮ ಫೋಟೋಗಳ ಕೆಳಗಿನ ಸಾಲುಗಳು.

‘ಓಬ್ರಾಕ್ ಬಯಲು. ಗಾಳಿಗೆ ಟೋಪಿ ನಿಲ್ಲಲಿಲ್ಲ. ಹಸುಗಳ ಕಣ್ಣಿಗೆ ಯಾರೋ ಕಾಡಿಗೆ ಹಚ್ಚಿದ ಹಾಗಿತ್ತು.’

‘ಅಲಿಗೋ. ಆಲೂಗಡ್ಡೆ, ಚೀಸ್, ಬೆಳ್ಳುಳ್ಳಿ. ಮುದ್ದೆ ಕೋಲಿನಂಥದರಲ್ಲಿ ತಿರುವಿ ತಿರುವಿ ಎತ್ತಿದರೆ ನನ್ನ ಎದೆ ಮಟ್ಟಕ್ಕೆ ಎಳೆ ಬಂತು.’

‘ಮರದ ಮೇಲೆ ಕತ್ತರಿ ಗುರುತು. ಈ ಕಡೆ ಬರಬೇಡ ಅಂತ ಅರ್ಥ. ನಾನು ನೋಡಿದ್ದು ಅರ್ಧ ಗಂಟೆ ನಡೆದು ವಾಪಸ್ ಬಂದ ಮೇಲೆ.’

‘ಬೆಸ್ಸುಎಜೂಲ್ ಚರ್ಚು. ಗಂಟೆ ಗೋಪುರದೊಳಗೆ ಮೇಲೊಂದು ಪುಟ್ಟ ಗುಡಿ. ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಬ್ಯಾಗ್ ಕೆಳಗೇ ಬಿಟ್ಟು ಹತ್ತಿದೆ.’

ಇವನ್ನು ಬರೆದವರೇ ‘ಊಟ ಅದ್ಭುತವಾಗಿತ್ತು’ ಎಂದು ಬರಹದಲ್ಲಿ ಮುಗಿಸಿದ್ದಾರೆ ಅಂದರೆ ನನಗೆ ನಂಬಲು ಕಷ್ಟವಾಯಿತು. ಬರಹ ಅಂದರೆ ದೊಡ್ಡ ಮಾತು ಆಡಬೇಕು ಅಂತ ಯಾರೋ ನಿಮಗೆ ಹೇಳಿಕೊಟ್ಟಿದ್ದಾರೆ. ದಯವಿಟ್ಟು ಅದನ್ನು ಮರೆತುಬಿಡಿ.

ಸಾಂ-ಕೋಮ್-ದೊಲ್ತ್ ಊರಿನ ಫೋಟೋ ಕೆಳಗೆ ‘ದೊಲ್ತ್ ಅಂದರೇನು?’ ಎಂದು ಕೇಳಿ ಬಿಟ್ಟಿದ್ದೀರಿ. ಆ ಸೀಮೆಯ ಹಳೆಯ ಭಾಷೆ ಒಕ್ಸಿತಾನ್‌ನಲ್ಲಿ ನದಿಯ ಹೆಸರು ‘ಒಲ್ತ್’. ‘ದೊಲ್ತ್’ ಅಂದರೆ ಒಲ್ತ್ ನದಿಯ ಊರು ಅಂತ. ಆ ಹೆಸರಿನ ಶುರುವಿಗೆ ‘ಲ’ ಅಂಟಿಕೊಂಡು ‘ಲೊತ್’ ಆಯಿತು. ತಿರುಚಿದ ಗೋಪುರದ ಆ ಊರಿನ ಬಳಿ ನೀವು ನದಿಯ ಮಟ್ಟಕ್ಕೆ ಇಳಿದಿರಿ. ನಿಮ್ಮ ಕಾಲಿಗೆ ನದಿ ಸಿಕ್ಕಿದ ಜಾಗ ಅದು. ಓದುಗರಿಗೂ ಅಲ್ಲೇ ಸಿಗಲಿ. ಬೆಟ್ಟದ ಮೇಲೆ ಗಾಳಿ, ಆಮೇಲೆ ಇಳಿಜಾರು, ಮೊಣಕಾಲು ನೋವು, ಆಮೇಲೆ ನೀರಿನ ಸದ್ದು. ಅಷ್ಟು ನಡೆದ ಮೇಲೆ ಎಸ್ತಾಂ ಕಂಡರೆ ನೀವು ‘ಸ್ವರ್ಗ’ ಅನ್ನುವುದೇ ಬೇಕಾಗಿಲ್ಲ.

ಕೊನೆಗೆ ಇಪ್ಪತ್ತೆರಡನೇ ಫೋಟೋ. ಒಂದು ಮನೆಯ ಮುಂದಿನ ಕಲ್ಲುಕಟ್ಟೆ, ಮೇಲೆ ನೀರಿನ ಜಗ್ಗು. ಕೆಳಗೆ ಹೀಗೆ ಬರೆದಿದ್ದೀರಿ: ‘ಒಬ್ಬ ಮುದುಕಿ ನೀರು ಬೇಕೇ ಅಂದಳು. ನಾಚಿಕೆಯಾಗಿ ಬೇಡ ಅಂದೆ. ಸ್ವಲ್ಪ ಮುಂದೆ ಹೋದ ಮೇಲೆ ಇಳಕಲ್ಲಿನ ನಮ್ಮ ಅಜ್ಜಿ ನೆನಪಾದಳು. ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದವಳು. ಹಾದ್ಯಾಗ ಯಾರರೆ ನೀರು ಕೊಟ್ರ ಬ್ಯಾಡ ಅನಬಾರ್ದವ್ವ ಅನ್ನುತ್ತಿದ್ದಳು.’

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಬರಹ ಇದೇ. ನೀವು ಐದನೇ ಪುಟದಲ್ಲಿ ಎಸ್ತಾಂ ಅನ್ನು ‘ಫ್ರಾನ್ಸಿನ ಪಂಢರಪುರ’ ಎಂದಿದ್ದೀರಿ. ಅದು ಬೇಡ. ಎಸ್ತಾಂ ಯಾತ್ರೆಯ ಕೊನೆಯೂ ಅಲ್ಲ, ಯಾತ್ರಿಕರು ಒಂದು ರಾತ್ರಿ ಉಳಿದು ಮುಂದಿನ ಕೋಂಕ್‌ಗೆ ಹೊರಡುವ ಊರು. ಊರಿಗೆ ಊರನ್ನು ಹೋಲಿಸಬೇಡಿ. ಹಾದಿಯಲ್ಲಿ ನಿಂತ ನಿಮ್ಮ ಅಜ್ಜಿ, ಹಾದಿಯಲ್ಲಿ ನಿಂತ ನೀವು, ಒಂದು ಲೋಟ ನೀರು. ಅಷ್ಟಿದ್ದರೆ ಸಾಕು.

ಒಂದು ಪ್ರಶ್ನೆ ಉಳಿಯಿತು. ಎಸ್ತಾಂನಲ್ಲಿ ಯಾತ್ರಿಕರಿಗೆ ಊಟ, ಹಾಸಿಗೆ ಕೊಟ್ಟು, ಇಷ್ಟೇ ಕೊಡಿ ಅನ್ನದೆ ಕಾಣಿಕೆಗೆ ಬಿಡುವ ಒಂದು ಮನೆ ಇದೆ. ಆ ರಾತ್ರಿ ಅಲ್ಲೇ ಉಳಿದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ಆ ಸಂಜೆ ಮೇಜಿನ ಮುಂದೆ ಯಾರೋ ನಿಮ್ಮ ತಟ್ಟೆಗೆ ಬಡಿಸಲು ಬಂದಾಗ ನೀವು ಏನಂದಿರಿ? ಅದನ್ನು ಬರೆದು ಕಳಿಸಿ. ಎಷ್ಟು ದಿನವಾದರೂ ಆಗಲಿ, ನಾನು ಕಾಯುತ್ತೇನೆ.

ನಿಮ್ಮ,
ಸಂಪಾದಕ