ಪ್ಲೇಟ್‌ಲೆಟ್ ಇಳಿದರೆ ಎಲ್ಲಾ ಡೆಂಗಿನೇ ಅಲ್ಲ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮ ಯಜಮಾನರು ಸೇನೆಯಲ್ಲಿದ್ದಾರೆ. ವಿಶ್ವಸಂಸ್ಥೆಯ ಶಾಂತಿಪಡೆ ಜತೆ ದಕ್ಷಿಣ ಸುಡಾನ್‌ಗೆ ಹೋಗಿದ್ದರು. ಊರಿಗೆ ಬಂದು ಮೂರು ವಾರ ಆಯ್ತು. ನಾಲ್ಕು ದಿನದಿಂದ ಜ್ವರ, ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲ್ಲ, ಆಮೇಲೆ ಬನಿಯನ್ ಹಿಂಡುವಷ್ಟು ಬೆವರು. ಕ್ಲಿನಿಕ್‌ನಲ್ಲಿ ಪ್ಲೇಟ್‌ಲೆಟ್ 78 ಸಾವಿರ ಇದೆ, ಡೆಂಗಿ ಇರಬೇಕು ಅಂದರು. ಮಲೇರಿಯಾ ಕಾರ್ಡ್ ಟೆಸ್ಟ್ ನೆಗೆಟಿವ್. ಅತ್ತೆ ಪರಂಗಿ ಎಲೆ ರಸ ಕುಡಿಸ್ತಿದ್ದಾರೆ. ಅಲ್ಲಿ ವಾರಕ್ಕೊಂದು ನುಂಗೋಕೆ ಕೊಟ್ಟಿದ್ದ ಮಾತ್ರೆ ಟ್ರಂಕಿನಲ್ಲಿ ಹಾಗೇ ಉಳಿದಿದೆ, ಊರಿಗೆ ಬಂದ ಮೇಲೆ ಯಾಕೆ ಅಂತ ನಿಲ್ಲಿಸಿಬಿಟ್ಟರು. ಏನು ಮಾಡಲಿ?
(ಹೆಸರು ಬೇಡ, ಚಿಂತಾಮಣಿ ತಾಲ್ಲೂಕು)

ಉತ್ತರ: ನೋಡಿ ಅಮ್ಮ, ಇದು ಪತ್ರಿಕೆ ಅಚ್ಚಾಗೋ ತನಕ ಕಾಯುವ ವಿಷಯ ಅಲ್ಲ ಅಂತ ಅವತ್ತೇ ನಿಮಗೆ ಫೋನ್ ಮಾಡಿಸಿದ್ದು. ಇಲ್ಲಿ ಬರೆಯುತ್ತಿರುವುದು ಇಂಥ ಮನೆಗಳು ನಮ್ಮ ಕಡೆ ಇನ್ನೂ ಇವೆ ಅಂತ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ಜ್ವರ ಅಂದರೆ ಡೆಂಗಿ, ಇಲ್ಲಾಂದ್ರೆ ಚಿಕೂನ್‌ಗುನ್ಯಾ. ಮಲೇರಿಯಾ ಈಗ ಅಪರೂಪ, ಹಾಗಾಗಿ ಆ ಕ್ಲಿನಿಕ್‌ನವರನ್ನು ಪೂರ್ತಿ ಬೈಯೋಕೂ ಆಗಲ್ಲ. ಆದರೆ ಪ್ಲೇಟ್‌ಲೆಟ್ ಮಲೇರಿಯಾದಲ್ಲೂ ಇಳಿಯುತ್ತೆ. ಚೀಟಿ ಮಾಡಿಸುವಾಗಲೇ "ಆಫ್ರಿಕಾದಿಂದ ಬಂದು ಮೂರು ವಾರ" ಅಂತ ಹೇಳಬೇಕಿತ್ತು, ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಅಲ್ಲಿ ಜಾಸ್ತಿ ಇರುವುದು ಫಾಲ್ಸಿಪೇರಮ್ ಅನ್ನೋ ಮಲೇರಿಯಾ ಜಾತಿ. ಸೊಳ್ಳೆ ಕಚ್ಚಿ ಒಂದು ವಾರದಿಂದ ಒಂದು ತಿಂಗಳೊಳಗೆ ಜ್ವರ ಬರುವುದು ಸಾಮಾನ್ಯ, ಇನ್ನೂ ತಡವಾಗಿಯೂ ಬರಬಹುದು. ಬಂದ ಮೇಲೆ ಮಾತ್ರ ಅದು ಕಾಯಲ್ಲ. ಒಂದೆರಡು ದಿನದಲ್ಲೇ ಮೆದುಳು, ಕಿಡ್ನಿಗೆ ಹೊಡೆಯಬಹುದು. ಮಂಪರು, ತಡಬಡ ಮಾತು, ಕಣ್ಣು ಹಳದಿ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾದರೂ ಸರಿ, ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ.

ಕಾರ್ಡ್ ಟೆಸ್ಟ್ ವಿಷಯ. ಆ ಕಾರ್ಡು ಹುಡುಕುವುದು ಮಲೇರಿಯಾ ರೋಗಾಣು ಬಿಡುವ ಒಂದು ಪ್ರೋಟೀನನ್ನು. ಆಫ್ರಿಕಾದ ಆ ಭಾಗದ ಕೆಲವು ಫಾಲ್ಸಿಪೇರಮ್‌ಗಳಲ್ಲಿ ಆ ಪ್ರೋಟೀನೇ ಇರಲ್ಲ. ಕಾರ್ಡ್ ಖಾಲಿ ತೋರಿಸುತ್ತೆ, ರಕ್ತದಲ್ಲಿ ರೋಗಾಣು ಇದ್ದೇ ಇರುತ್ತೆ. ಅದಕ್ಕೇ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವ ಹಳೇ ಸ್ಲೈಡ್ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಒಂದು ಸಲ ಸಿಗದಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ, ಮೂರು ಸಲದವರೆಗೂ ನೋಡಬೇಕು.

ಟ್ರಂಕಿನ ಮಾತ್ರೆ ಕತೆ ಎಲ್ಲರ ಮನೆಯದ್ದೂ ಹೌದು. ಮಲೇರಿಯಾ ಬರದಿರಲಿ ಅಂತ ಕೊಡುವ ಮಾತ್ರೆ ಅದು. ವಾರಕ್ಕೊಂದರ ಮೆಫ್ಲೋಕ್ವಿನ್ ಇರಲಿ, ದಿನಕ್ಕೊಂದರ ಡಾಕ್ಸಿಸೈಕ್ಲಿನ್ ಇರಲಿ, ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಕೊನೇ ದಿನ ಕಚ್ಚಿದ ಸೊಳ್ಳೆಯ ರೋಗಾಣು ಮೊದಲು ಲಿವರ್‌ನಲ್ಲಿ ಬೆಳೆದು ಆಮೇಲೆ ರಕ್ತಕ್ಕೆ ಇಳಿಯುತ್ತೆ, ಈ ಮಾತ್ರೆಗಳು ಅದನ್ನು ಹಿಡಿಯುವುದು ರಕ್ತದಲ್ಲಿ. ಈಗ ಜ್ವರ ಬಂದಿದೆ ಅಂತ ಆ ಉಳಿದ ಸ್ಟ್ರಿಪ್ ನುಂಗಿಸಬೇಡಿ, ಚಿಕಿತ್ಸೆಯೇ ಬೇರೆ. ಸ್ಟ್ರಿಪ್ ಮಾತ್ರ ಡಾಕ್ಟರಿಗೆ ತೋರಿಸಿ. ಅತ್ತೆಯವರ ಪರಂಗಿ ರಸಕ್ಕೆ ಇದರಲ್ಲಿ ಕೆಲಸ ಇಲ್ಲ.

ಪ್ರಶ್ನೆ: ನಾನು ಮಾಜಿ ಸೈನಿಕ. ಹೊರದೇಶದ ಡ್ಯೂಟಿ ಮುಗಿಸಿ ಬಂದಾಗ ವೈವ್ಯಾಕ್ಸ್ ಮಲೇರಿಯಾ ಆಗಿ ವಾಸಿಯಾಗಿತ್ತು. ಎಂಟು ತಿಂಗಳ ಮೇಲೆ ಮತ್ತೆ ಬಂದಿದೆ. ಕೋಲಾರದ ಸೊಳ್ಳೆ ಕಚ್ಚಿದ್ದೋ, ಹಳೇದೋ?
(ಓದುಗ, ಬಂಗಾರಪೇಟೆ)

ಉತ್ತರ: ಹಳೇದೇ ಇರಬೇಕು ಸಾರ್. ವೈವ್ಯಾಕ್ಸ್ ಅನ್ನೋ ಜಾತಿಯ ಮಲೇರಿಯಾ ರೋಗಾಣು ಲಿವರ್‌ನಲ್ಲಿ ಸುಮ್ನೆ ಮಲಗಿದ್ದು ತಿಂಗಳುಗಟ್ಟಲೆ ಆದಮೇಲೆ ಏಳುತ್ತೆ. 2002ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿದ್ದ ಅಮೆರಿಕದ ರೇಂಜರ್ ಪಡೆಯ 725 ಜನರಲ್ಲಿ 38 ಜನಕ್ಕೆ ಹೀಗೇ ಆಯಿತು, ಹೆಚ್ಚಿನವರಿಗೆ ಜ್ವರ ಬಂದಿದ್ದು ಮನೆ ಸೇರಿ ತಿಂಗಳುಗಳಾದ ಮೇಲೆ. ಕ್ಲೋರೋಕ್ವಿನ್ ಮೂರು ದಿನ ತಗೊಂಡರೆ ಜ್ವರ ನಿಲ್ಲುತ್ತೆ, ಲಿವರ್‌ನಲ್ಲಿ ಮಲಗಿರೋದು ಹಾಗೇ ಇರುತ್ತೆ. ಅದಕ್ಕೆ ಪ್ರೈಮಾಕ್ವಿನ್ 14 ದಿನ. ಐದನೇ ದಿನಕ್ಕೆ ಮೈ ಹಗುರ ಆಯ್ತು ಅಂತ ಬಿಟ್ಟಿದ್ದೀರಾ? ಪತ್ರದಲ್ಲಿ ಅದನ್ನು ಬರೆದಿಲ್ಲ, ನನಗಂತೂ ಅನುಮಾನ ಇದೆ. ಕೊರಿಯಾ ಯುದ್ಧದಿಂದ ಮರಳುವ ಸೈನಿಕರಿಗೆ ಇದೇ ಮಾತ್ರೆಯನ್ನು ಹಡಗಿನಲ್ಲೇ, ಕಣ್ಣೆದುರಿಗೇ ನುಂಗಿಸುತ್ತಿದ್ದರು. ಶುರು ಮಾಡುವ ಮೊದಲು ಜಿ6ಪಿಡಿ ಅನ್ನೋ ಕಿಣ್ವದ ರಕ್ತ ಪರೀಕ್ಷೆ ಮಾಡಿಸಿ. ಆ ಕಿಣ್ವ ಕಡಿಮೆ ಇದ್ದವರಿಗೆ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯುತ್ತೆ.

ಪ್ರಶ್ನೆ: ರಜೆಗೆ ಬಂದ ಮಗನಿಗೆ ಮಲೇರಿಯಾ. ತಟ್ಟೆ ಲೋಟ ಬೇರೆ ಇಟ್ಟು ಜಗಲಿಯಲ್ಲಿ ಮಲಗಿಸಿದ್ದೇವೆ. ಸರೀನಾ?
(ತಾಯಿ, ಶಿರಾ)

ಉತ್ತರ: ಅಯ್ಯೋ, ಉಲ್ಟಾ ಮಾಡಿದ್ದೀರಿ! ಎಂಜಲಿಂದ ಹರಡಲ್ಲ, ಸೊಳ್ಳೆಯಿಂದ ಹರಡುತ್ತೆ. ಅದೂ ಸಂಜೆ ಮೇಲೆ ಕಚ್ಚುವ ಅನಾಫಿಲಿಸ್. ಜಗಲಿಯಲ್ಲಿ ಮಲಗಿಸಿದರೆ ಅದಕ್ಕೆ ಊಟ ಬಡಿಸಿದ ಹಾಗೆ. ಒಳಗೆ, ಸೊಳ್ಳೆಪರದೆ ಕಟ್ಟಿ ಮಲಗಿಸಿ. ಆ ಸೊಳ್ಳೆ ಮೊಟ್ಟೆ ಇಡೋದು ಚರಂಡಿಯಲ್ಲಲ್ಲ, ನೀವು ಕುಡಿಯೋ ನೀರಿನ ಸಂಪಿನಲ್ಲಿ. ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ.